ಸುಣ್ಣವಿಲ್ಲದೆ ಬಣ್ಣ ಮರಳೀತೆ?

ನಮ್ಮ ಹಳೆಯ ನಗರಗಳ ನಡುಭಾಗಕ್ಕೆ ‘ಪಾರಂಪರಿಕ ಬಣ್ಣ’ವನ್ನು ಮರಳಿ ತರಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಜೈಪುರಕ್ಕೆ ಗುಲಾಬಿ, ಪುದುಚೇರಿಗೆ ಹಳದಿ, ಜೋಧಪುರಕ್ಕೆ ನೀಲಿ ಇರುವುದಾದರೆ ಮೈಸೂರಿಗೂ ತನ್ನದೇ ಆದ ಒಂದು ಬಣ್ಣ ಏಕೆ ಬೇಡ ಎಂಬುದು ಈ ವಾದದ ಸರಳ ರೂಪ. ದಸರಾ ಸಮೀಪಿಸಿದಾಗಲೆಲ್ಲ ಈ ಮಾತಿಗೆ ಹೊಸ ಹುರುಪು ಬರುತ್ತದೆ. ಜಂಬೂಸವಾರಿ ಹಾದುಹೋಗುವ ದಾರಿಯ ಇಕ್ಕೆಲಗಳಲ್ಲಿ ಸಾರುವೆ ಕಟ್ಟಿ ಗೋಡೆಗಳಿಗೆ ಅವಸರದಿಂದ ಬಣ್ಣ ಬಳಿಯಲಾಗುತ್ತದೆ. ವಿಜಯದಶಮಿಯ ದಿನ ನಗರ ಹೊಳೆಯುತ್ತದೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಎಷ್ಟೋ ಗೋಡೆಗಳ ಮೇಲೆ ಅದೇ ಬಣ್ಣ ಹಪ್ಪಳದಂತೆ ಉಬ್ಬಿ ಉದುರತೊಡಗಿರುತ್ತದೆ. ಮತ್ತೆ ದಸರಾ, ಮತ್ತೆ ಗುತ್ತಿಗೆ, ಮತ್ತೆ ಬಣ್ಣ.

ಹಳೆಯ ಬೀದಿಗಳಿಗೆ ಹಳೆಯ ಬಣ್ಣ ಮರಳಬೇಕೆಂಬ ಆಶಯಕ್ಕೆ ನನ್ನ ವಿರೋಧವೇನೂ ಇಲ್ಲ. ಆದರೆ ಈ ಚರ್ಚೆಯಲ್ಲಿ ‘ಬಣ್ಣ’ ಎಂಬ ಪದವನ್ನು ನಾವು ಬಹಳ ಕಿರಿದಾದ ಅರ್ಥದಲ್ಲಿ ಬಳಸುತ್ತಿದ್ದೇವೆ. ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಛಾಯೆ ಮಾತ್ರವೇ ಬಣ್ಣ ಎಂದು ಭಾವಿಸಿದ್ದೇವೆ. ಕನ್ನಡದ ರೂಢಿಯ ಮಾತು ಇದಕ್ಕಿಂತ ವಿವೇಕಯುತವಾಗಿದೆ. ನಾವು ಮನೆಗೆ ‘ಸುಣ್ಣಬಣ್ಣ’ ಮಾಡಿಸುತ್ತೇವೆ ಎನ್ನುತ್ತೇವೆ. ಸುಣ್ಣ ಮೊದಲು, ಬಣ್ಣ ಆಮೇಲೆ. ಇಂದಿನ ಯೋಜನೆಗಳು ಸುಣ್ಣವನ್ನು ಬಿಟ್ಟು ಬಣ್ಣವನ್ನಷ್ಟೇ ಹಿಡಿದುಕೊಂಡಿವೆ. ಸುಣ್ಣ ಎಂದಾಗ ನಾನು ಹೇಳುತ್ತಿರುವುದು ಒಂದು ಪದಾರ್ಥವನ್ನು ಮಾತ್ರವಲ್ಲ, ಅದರ ಜೊತೆಗಿದ್ದ ವರ್ಷಾವರ್ಷದ ಆರೈಕೆಯ ಪದ್ಧತಿಯನ್ನು ಕೂಡ. ಆ ಪದ್ಧತಿ ಮರಳದೆ ಬಣ್ಣ ಮಾತ್ರ ಮರಳಲಾರದು. ಮರಳಿದಂತೆ ಕಂಡರೂ ಅದು ಕಟ್ಟಡಕ್ಕೆ ಒಳಿತಿಗಿಂತ ಕೆಡುಕನ್ನೇ ಹೆಚ್ಚು ಮಾಡುತ್ತದೆ ಎಂಬುದು ನನ್ನ ವಾದ.

ಮೊದಲಿಗೆ ‘ಪಾರಂಪರಿಕ ಬಣ್ಣ’ ಎಂದರೆ ಯಾವುದು ಎಂಬ ಪ್ರಶ್ನೆಯನ್ನು ನೋಡೋಣ. ಈ ವಿಷಯದಲ್ಲಿ ಎಲ್ಲರೂ ಕೊಡುವ ಉದಾಹರಣೆ ಜೈಪುರ. ಸವಾಯಿ ಜಯಸಿಂಹ ಆ ನಗರವನ್ನು ಸ್ಥಾಪಿಸಿದ್ದು 1727ರಲ್ಲಿ. ಆದರೆ ನಗರಕ್ಕೆ ಇಂದಿನ ಹೆಸರು ತಂದುಕೊಟ್ಟ ಗುಲಾಬಿ ಬಣ್ಣ ಬಂದದ್ದು 1876ರಲ್ಲಿ, ಬ್ರಿಟಿಷ್ ಯುವರಾಜನ ಭೇಟಿಯ ಸಂದರ್ಭದಲ್ಲಿ, ಸವಾಯಿ ರಾಮಸಿಂಹನ ಆಜ್ಞೆಯಂತೆ. ಅಂದರೆ ನಗರ ಹುಟ್ಟಿ ಸುಮಾರು 150 ವರ್ಷಗಳಾದ ಮೇಲೆ, ಅತಿಥಿಯೊಬ್ಬನ ಸ್ವಾಗತಕ್ಕಾಗಿ ಕೈಗೊಂಡ ಆಡಳಿತಾತ್ಮಕ ತೀರ್ಮಾನವೊಂದು ಕಾಲಾನಂತರದಲ್ಲಿ ಪರಂಪರೆಯಾಯಿತು. 2019ರಲ್ಲಿ ಯುನೆಸ್ಕೊ ಜೈಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರಲ್ಲಿ ನಗೆಯಾಡುವಂಥದ್ದೇನೂ ಇಲ್ಲ. ಎಲ್ಲ ಪರಂಪರೆಗಳೂ ಒಂದಲ್ಲ ಒಂದು ದಿನ ಹೊಸತಾಗಿಯೇ ಇದ್ದವು. ಆದರೆ ಬಣ್ಣಕ್ಕೊಂದು ಇಸವಿ ಇರುತ್ತದೆ, ಅದರ ಹಿಂದೆ ಒಂದು ಕಾರಣ ಇರುತ್ತದೆ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ.

ಇಟಲಿಯ ಟ್ಯೂರಿನ್ ನಗರದ ಅನುಭವ ಇನ್ನಷ್ಟು ಬೋಧಪ್ರದವಾದುದು. ಬಹುಕಾಲ ಅಲ್ಲಿನವರು ತಮ್ಮ ಊರಿನ ಸಾಂಪ್ರದಾಯಿಕ ಬಣ್ಣ ಹಳದಿ ಎಂದೇ ನಂಬಿದ್ದರು. ‘ಟ್ಯೂರಿನ್ ಹಳದಿ’ ಎಂಬ ಹೆಸರೇ ಬಳಕೆಯಲ್ಲಿತ್ತು. 1970ರ ದಶಕದ ಕೊನೆಯಲ್ಲಿ ಜೊವಾನ್ನಿ ಬ್ರಿನೊ ಮತ್ತು ಫ್ರಾಂಕೊ ರೊಸ್ಸೊ ಎಂಬ ವಿದ್ವಾಂಸರು ನಗರದ ದಾಖಲೆಗಳನ್ನು ಶೋಧಿಸಿದಾಗ ಬೇರೆಯೇ ಚಿತ್ರ ಹೊರಬಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ನಗರದ ಕಟ್ಟಡ ಮಂಡಳಿಯೊಂದು ಮುಖ್ಯ ಬೀದಿಗಳಿಗೂ ಚೌಕಗಳಿಗೂ ಬಗೆಬಗೆಯ ಬಣ್ಣಗಳನ್ನು ಕ್ರಮಬದ್ಧವಾಗಿ ನಿಗದಿ ಮಾಡಿತ್ತು. ಹಳದಿ ಆ ಸಾಲಿನ ಒಂದು ಸದಸ್ಯ ಮಾತ್ರ. ಈ ಶೋಧದ ಆಧಾರದ ಮೇಲೆ ನಗರದ ಬಣ್ಣದ ಯೋಜನೆ ಮತ್ತೆ ರೂಪುಗೊಂಡಿತು. ಮುಂದೆ ಯುರೋಪಿನ ಅನೇಕ ನಗರಗಳಿಗೆ ಅದು ಮಾದರಿಯಾಯಿತು. ನೆನಪಿಗಿಂತ ದಾಖಲೆ ಹೆಚ್ಚು ವರ್ಣಮಯವಾಗಿರಬಹುದು ಎಂಬುದು ಇಲ್ಲಿನ ಪಾಠ. ಊರಿನ ಹಿರಿಯರೆಲ್ಲ ಒಪ್ಪುವ ‘ನಮ್ಮ ಬಣ್ಣ’ ಅವರ ಬಾಲ್ಯದ ಬಣ್ಣವಾಗಿರಬಹುದೇ ಹೊರತು ಕಟ್ಟಡದ ಬಾಲ್ಯದ ಬಣ್ಣವಾಗಿರಬೇಕೆಂದಿಲ್ಲ.

ಈ ಬೆಳಕಿನಲ್ಲಿ ಮೈಸೂರನ್ನು ನೋಡಬೇಕು. ಇಲ್ಲಿನ ಅನೇಕ ಸರ್ಕಾರಿ ಕಟ್ಟಡಗಳ ಮೇಲೆ ಇಂದು ಕಾಣುವ ತಿಳಿಹಳದಿಯನ್ನೇ ‘ಮೈಸೂರಿನ ಬಣ್ಣ’ ಎಂದು ಹೇಳುವುದು ವಾಡಿಕೆಯಾಗಿದೆ. ಆದರೆ 1897ರ ಬೆಂಕಿಯ ಅನಾಹುತದ ನಂತರ ಹೆನ್ರಿ ಇರ್ವಿನ್ ವಿನ್ಯಾಸದಂತೆ ಎದ್ದುನಿಂತು 1912ರಲ್ಲಿ ಪೂರ್ಣಗೊಂಡ ಅರಮನೆಯ ಮೈ ಬೂದುಬಣ್ಣದ ಕಲ್ಲಿನದು. 1921ರ ಲಲಿತಮಹಲ್ ಅಚ್ಚ ಬಿಳಿ. ಹಳೆಯ ಮೊಹಲ್ಲಾಗಳ ವಠಾರದ ಮನೆಗಳದು ಮತ್ತೊಂದೇ ಲೋಕ: ಬಿಳಿಯ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ. ದೇವಸ್ಥಾನದ ಪೌಳಿಗಳಿಗೆ ಸುಣ್ಣ ಮತ್ತು ಕಾವಿಯ ಉದ್ದುದ್ದ ಗೆರೆಗಳು. ಇವೆಲ್ಲವೂ ಮೈಸೂರೇ. ಇಡೀ ನಡುನಗರಕ್ಕೆ ಒಂದೇ ಹಳದಿಯನ್ನು ಹೊದಿಸಿದರೆ ಅದು ಪರಂಪರೆಯ ಪುನಃಸ್ಥಾಪನೆಯಾಗುವುದಿಲ್ಲ, ಕಚೇರಿಯ ಬಣ್ಣವನ್ನು ಮನೆಗಳ ಮೇಲೆ ಹೇರಿದಂತಾಗುತ್ತದೆ. ಸ್ಮಾರಕಗಳ ಸಂರಕ್ಷಣೆಗೆ ಇಂದಿಗೂ ಆಧಾರವಾಗಿರುವ 1964ರ ವೆನಿಸ್ ಸನ್ನದು ಕೂಡ ಇದನ್ನೇ ಹೇಳುತ್ತದೆ. ಕಟ್ಟಡಕ್ಕೆ ಬೇರೆ ಬೇರೆ ಕಾಲಗಳು ನೀಡಿದ ಯೋಗ್ಯ ಕೊಡುಗೆಗಳನ್ನು ಗೌರವಿಸಬೇಕು, ಶೈಲಿಯ ಏಕರೂಪತೆ ಜೀರ್ಣೋದ್ಧಾರದ ಗುರಿಯಾಗಬಾರದು ಎಂಬುದು ಅದರ ಹನ್ನೊಂದನೆಯ ವಿಧಿಯ ಆಶಯ.

ಹಾಗಾದರೆ ನಿಜವಾದ ಬಣ್ಣವನ್ನು ತಿಳಿಯುವುದು ಹೇಗೆ? ಗೋಡೆಯನ್ನೇ ಕೇಳಬೇಕು. ಮಳೆ ಬಿಸಿಲು ತಾಗದ ಮೂಲೆಗಳಲ್ಲಿ, ಕಮಾನಿನ ಒಳಮಗ್ಗುಲಲ್ಲಿ, ಗಾರೆಯ ಹೂಬಳ್ಳಿಗಳ ಸಂದಿನಲ್ಲಿ ಸಣ್ಣ ಚಾಕುವಿನಿಂದ ಪದರ ಪದರವಾಗಿ ಕೆರೆದರೆ ದಶಕಗಳ ಬಣ್ಣಗಳು ಒಂದರ ಕೆಳಗೊಂದು ಕಾಣಿಸಿಕೊಳ್ಳುತ್ತವೆ. ಆ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಯಾವುದು ತಳಪದರ, ಯಾವುದು ಅಂತಿಮ ಲೇಪ, ಎಲ್ಲಿ ಧೂಳು ಕೂತಿದೆ ಎಂಬುದು ತಿಳಿಯುತ್ತದೆ. ಇದಕ್ಕೆ ತರಬೇತಾದ ಕಣ್ಣು ಬೇಕು. ಏಕೆಂದರೆ ಎಲ್ಲಕ್ಕಿಂತ ಕೆಳಗಿರುವ ಬಣ್ಣ ಕೇವಲ ತಳಲೇಪವಾಗಿರಬಹುದು; ಕಂಡ ಬಣ್ಣ ಕಾಲಾಂತರದಲ್ಲಿ ಮಾಸಿದ್ದಿರಬಹುದು. ಇಷ್ಟಾದರೂ ಇಡೀ ಕಟ್ಟಡಕ್ಕೆ ಬಣ್ಣ ಬಳಿಯುವ ವೆಚ್ಚದ ಮುಂದೆ ಈ ಪರೀಕ್ಷೆಯ ಖರ್ಚು ಅತ್ಯಲ್ಪ. ಹಳೆಯ ಲೆಕ್ಕಪತ್ರಗಳು, ಗುತ್ತಿಗೆಯ ಕಡತಗಳು, ಖಾಸಗಿ ಮನೆಗಳಲ್ಲಿರುವ ವರ್ಣಚಿತ್ರಗಳು ಇದಕ್ಕೆ ಪೂರಕ. 1903ರಲ್ಲಿಯೇ ನಗರಾಭಿವೃದ್ಧಿಗೆಂದು ವಿಶ್ವಸ್ಥ ಮಂಡಳಿಯನ್ನು ರಚಿಸಿಕೊಂಡ ಊರು ಮೈಸೂರು. ಕಡತಗಳಿಗಾಗಿ ಹುಡುಕುವ ತಾಳ್ಮೆ ಇದ್ದರೆ ಇಲ್ಲಿ ಸಿಗುವುದು ಬೇಕಾದಷ್ಟಿದೆ.

ಇನ್ನು ಎರಡನೆಯ, ಹೆಚ್ಚು ಗಂಭೀರವಾದ ಪ್ರಶ್ನೆ: ಬಣ್ಣ ಯಾವುದರಿಂದ ಮಾಡಿದ್ದು? ಹಳೆಯ ಕಟ್ಟಡಗಳ ಇಟ್ಟಿಗೆ ಗೋಡೆ, ನಡುವಿನ ಗಾರೆ, ಮೇಲಿನ ಗಿಲಾವು ಎಲ್ಲವೂ ಸುಣ್ಣದಿಂದ ಬೆಸೆದವು. ಸುಣ್ಣದಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸುಟ್ಟಸುಣ್ಣವಾಗುತ್ತದೆ. ಅದಕ್ಕೆ ನೀರು ಸೇರಿಸಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಯ ಮೇಲೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತದೆ. ಸುಣ್ಣದ ಲೇಪ ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲ, ಗೋಡೆಯದೇ ತೆಳುವಾದ ಮುಂದುವರಿಕೆ. ಇದರಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಕ್ಷಾರಗುಣದಿಂದಾಗಿ ಬೂಷ್ಟು ಬೇಗ ಹಿಡಿಯುವುದಿಲ್ಲ.

ಸುಣ್ಣದ ಈ ಕ್ಷಾರವನ್ನು ತಾಳಿಕೊಳ್ಳುವ ಬಣ್ಣಗಳು ಕೆಲವೇ. ಕಬ್ಬಿಣದ ಅಂಶವುಳ್ಳ ಕೆಮ್ಮಣ್ಣು, ಕಾವಿ, ಹಳದಿಮಣ್ಣು ಮುಂತಾದವು ಅದರಲ್ಲಿ ಮಾಸದೆ ನಿಲ್ಲುತ್ತವೆ. ಹಳೆಯ ಊರುಗಳ ಬೀದಿಗಳಲ್ಲಿ ನಾವು ಮೆಚ್ಚುವ ಹೊಂದಾಣಿಕೆಯ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಎಲ್ಲರ ಮನೆಯ ಸುಣ್ಣಕ್ಕೂ ಬೆರೆಯುತ್ತಿದ್ದುದು ಸುತ್ತಮುತ್ತ ಸಿಗುತ್ತಿದ್ದ ಅದೇ ಮಣ್ಣು. ಕರಾವಳಿಯಲ್ಲಿ ಗೋಕರ್ಣ, ಅಂಕೋಲೆಗಳ ಕಡೆ ಬಿಳಿಯ ಗಾರೆಯ ಮೇಲೆ ಕೆಂಪು ಚಿತ್ತಾರ ಬಿಡಿಸುವ ಕಾವಿ ಕಲೆ ಬೆಳೆದುದು ಇದೇ ಎರಡು ಪದಾರ್ಥಗಳಿಂದ. ಆಜ್ಞೆ ಹೊರಡಿಸಿ ಹಳದಿಯನ್ನೊ ಗುಲಾಬಿಯನ್ನೊ ತಂದ ಅರಸರೂ ಮಂಡಳಿಗಳೂ ಇದ್ದವು, ನಿಜ. ಆದರೆ ಅವರ ಆಯ್ಕೆಯೂ ಈ ಮಣ್ಣಿನ ಮಿತಿಯೊಳಗೇ ಇತ್ತು. ಯಂತ್ರ ಕ್ಷಣಮಾತ್ರದಲ್ಲಿ ಸಾವಿರಾರು ಛಾಯೆಗಳನ್ನು ಬೆರೆಸಿಕೊಡುವ ಇಂದಿನ ಕಾಲದಲ್ಲಿ ಆ ಮಿತಿ ಇಲ್ಲ. ಅದರ ಜಾಗದಲ್ಲಿ ಸುತ್ತೋಲೆಯನ್ನು ತಂದಿರಿಸಲು ನಾವು ಹೊರಟಿದ್ದೇವೆ.

ಹಳೆಯ ಸುಣ್ಣದ ಗೋಡೆಯ ಮೇಲೆ ಇಂದಿನ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಆಗುವುದೇನು? ಹಳೆಯ ಕಟ್ಟಡಗಳ ಬುನಾದಿಯಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಗೋಡೆಗೆ ಏರುತ್ತದೆ, ತಾರಸಿಯ ನೀರು ಇಳಿಯುತ್ತದೆ. ಸುಣ್ಣದ ಮೈಯಿಂದ ಅದು ಹೇಗೋ ಹೊರಬೀಳುತ್ತಿತ್ತು. ಎಮಲ್ಷನ್ನಿನ ಪೊರೆ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ತೇವದಲ್ಲಿ ಕರಗಿದ ಲವಣ ಪೊರೆಯ ಹಿಂದೆ ಹರಳುಗಟ್ಟಿ ಗಿಲಾವನ್ನು ಒಳಗಿನಿಂದಲೇ ತಳ್ಳುತ್ತದೆ. ಬಣ್ಣ ಉಬ್ಬುತ್ತದೆ, ಗಾರೆ ಪುಡಿಯಾಗುತ್ತದೆ. ಆಗ ಗುತ್ತಿಗೆದಾರ ಆ ಭಾಗವನ್ನು ಕೆತ್ತಿ ಸಿಮೆಂಟು ಮೆತ್ತುತ್ತಾನೆ. ಸಿಮೆಂಟು ಇನ್ನೂ ಗಡಸು, ಇನ್ನೂ ಬಿಗಿ. ತೇವ ಅದರ ಮೇಲಕ್ಕೆ ಏರಿ ಮರದ ತೊಲೆಗಳ ತುದಿಯನ್ನು, ಕಬ್ಬಿಣದ ದೂಲಗಳನ್ನು ಮುಟ್ಟುತ್ತದೆ. ಒಳಗೆ ಹುಳುಕು, ಹೊರಗೆ ಥಳಕು ಎಂಬ ಗಾದೆಯನ್ನು ನಮ್ಮ ಹಿರಿಯರು ಗೋಡೆಗಳನ್ನು ನೋಡಿ ಕಟ್ಟಿದರೋ ಇಲ್ಲವೋ ತಿಳಿಯದು. ಗೋಡೆಗಳಿಗಂತೂ ಅದು ಅಕ್ಷರಶಃ ಒಪ್ಪುತ್ತದೆ.

ಹೀಗಿರುವಾಗ ‘ಮೂಲ ಬಣ್ಣ’ದ ಹೆಸರಿನಲ್ಲಿ ಹಳೆಯ ಛಾಯೆಯನ್ನು ಯಂತ್ರದಲ್ಲಿ ಬೆರೆಸಿ, ಪ್ಲಾಸ್ಟಿಕ್ ಲೇಪವಾಗಿ ಬಳಿಯುವುದು ಎಂಥ ಪುನಃಸ್ಥಾಪನೆ? ಹತ್ತು ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಸಾಕು ಎಂಬ ಭರವಸೆ ಇಂಥ ಲೇಪಗಳ ಮುಖ್ಯ ಆಕರ್ಷಣೆ. ನನ್ನ ದೃಷ್ಟಿಯಲ್ಲಿ ಅಪಾಯ ಇರುವುದೂ ಅಲ್ಲಿಯೇ.

ಸುಣ್ಣಕ್ಕೆ ಬಾಳಿಕೆ ಕಡಿಮೆ. ಯುಗಾದಿಗೊ ದಸರೆಗೊ ದೀಪಾವಳಿಗೊ ಪ್ರತಿವರ್ಷ, ಇಲ್ಲವೇ ಎರಡು ವರ್ಷಕ್ಕೊಮ್ಮೆ ಬಳಿಯಲೇಬೇಕು. ನಾವು ಇದನ್ನು ಸುಣ್ಣದ ದೋಷ ಎಂದು ಬಗೆದೆವು. ಆದರೆ ವರ್ಷಕ್ಕೊಮ್ಮೆ ಏಣಿ ಹತ್ತಿದ ಆಳು ಬಳಿಯುವುದಷ್ಟನ್ನೇ ಮಾಡುತ್ತಿರಲಿಲ್ಲ. ಗೋಡೆಯ ಪ್ರತಿ ಮೊಳವನ್ನೂ ಅವನ ಕೈ ಮುಟ್ಟುತ್ತಿತ್ತು. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಟೊಳ್ಳು ಸದ್ದು ಬರುತ್ತದೆ, ಯಾವ ಸಂದಿಯಲ್ಲಿ ಅರಳಿಯ ಸಸಿ ಬೇರು ಬಿಟ್ಟಿದೆ, ಯಾವ ಹಂಚು ಸರಿದಿದೆ, ಯಾವ ದೋಣಿಯಲ್ಲಿ ಕಸ ಕಟ್ಟಿದೆ ಎಂಬುದು ಅವನಿಗೆ ಕಾಣುತ್ತಿತ್ತು. ಸಸಿಯನ್ನು ಅವನೇ ಕೀಳುತ್ತಿದ್ದ, ಬಿರುಕಿಗೆ ಅಲ್ಲೇ ಗಾರೆ ತುಂಬುತ್ತಿದ್ದ, ದೊಡ್ಡದಾದರೆ ಮನೆಯ ಯಜಮಾನನಿಗೊ ಮೇಸ್ತ್ರಿಗೊ ಹೇಳುತ್ತಿದ್ದ. ಸುಣ್ಣ ಬಳಿಯುವುದೆಂದರೆ ಕಟ್ಟಡದ ವಾರ್ಷಿಕ ತಪಾಸಣೆ. ಅದಕ್ಕೆ ಪ್ರತ್ಯೇಕ ಆದೇಶ ಬೇಕಿರಲಿಲ್ಲ, ಹಬ್ಬ ಬಂದರೆ ಸಾಕಿತ್ತು. ನೆರೆಯ ಗೋವೆಯಲ್ಲಿಯೂ ಪೋರ್ಚುಗೀಸರ ಕಾಲದಲ್ಲಿ ಮಳೆಗಾಲ ಕಳೆದ ಮೇಲೆ ಮನೆಗಳಿಗೆ ಬಣ್ಣ ಬಳಿಯಬೇಕೆಂಬ ಕಟ್ಟಳೆ ಇತ್ತೆಂದು ಹೇಳುತ್ತಾರೆ. ಪಣಜಿಯ ಫಾಂಟೇನ್ಹಾಸ್ ಬಡಾವಣೆಯ ಬಣ್ಣಗಳನ್ನು ಮೆಚ್ಚುವವರು ಅದರ ಹಿಂದಿನ ಈ ಶಿಸ್ತನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಈ ಶಿಸ್ತು ಕಳೆದುಹೋದರೆ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಮೈಸೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಇವೆರಡನ್ನೂ ಉಳಿಸಬೇಕೆ, ಕೆಡವಬೇಕೆ ಎಂಬ ವಾದ ವರ್ಷಗಟ್ಟಲೆ ಸಮಿತಿಗಳ ಮುಂದೆಯೂ ನ್ಯಾಯಾಲಯದ ಮುಂದೆಯೂ ನಡೆಯಿತು. ಈ ಕಟ್ಟಡಗಳು ಬಣ್ಣದಿಂದಾಗಿ ಕುಸಿದವು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಬೇಜವಾಬ್ದಾರಿಯಾದೀತು. ಆದರೆ ನೂರು ವರ್ಷ ದಾಟಿದ ಕಟ್ಟಡ ಒಂದೇ ಮಳೆಗೆ ಸಾಯುವುದಿಲ್ಲ. ಸೋರಿಕೆ, ಬೇರು, ತೇವ, ಮನಬಂದಂತೆ ಒಡೆದು ಕಟ್ಟಿದ ಮಾರ್ಪಾಡುಗಳು ಹಲವು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ, ಇಲ್ಲವೇ ಬಿದ್ದರೂ ಯಾರ ಹೊಣೆಯೂ ಆಗದೆ ಉಳಿದಾಗ ಆಗಸ್ಟ್ ತಿಂಗಳ ಮಳೆ ಕೊನೆಯ ನೆಪ ಮಾತ್ರ. ಕುಸಿದ ಮೇಲೆ ‘ಶಿಥಿಲ ಕಟ್ಟಡ’ ಎಂಬ ಹಣೆಪಟ್ಟಿ ಹಚ್ಚುವುದು ಸುಲಭ. ಶಿಥಿಲಗೊಳ್ಳುತ್ತಿದ್ದ ದಿನಗಳಲ್ಲಿ ವರ್ಷಕ್ಕೊಮ್ಮೆ ಯಾರು ಏಣಿ ಹತ್ತಿದ್ದರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೇಳದಿರುವುದಕ್ಕೆ ಕಾರಣ ನಮ್ಮ ಹಣಕಾಸು ವ್ಯವಸ್ಥೆಯಲ್ಲಿದೆ. ಸರ್ಕಾರದ ಲೆಕ್ಕದಲ್ಲಿ ‘ಯೋಜನೆ’ಗೆ ಹಣ ಸಿಗುವಷ್ಟು ಸುಲಭವಾಗಿ ‘ನಿರ್ವಹಣೆ’ಗೆ ಸಿಗುವುದಿಲ್ಲ. ಕೋಟಿಗಳ ವೆಚ್ಚದ ಸೌಂದರ್ಯೀಕರಣ ಯೋಜನೆಗೆ ಶಂಕುಸ್ಥಾಪನೆ ಇದೆ, ಫಲಕ ಇದೆ, ಉದ್ಘಾಟನೆ ಇದೆ. ದೋಣಿಯ ಕಸ ತೆಗೆಯುವುದಕ್ಕೆ ಯಾವ ಫಲಕವೂ ಇಲ್ಲ. ಬಣ್ಣದ ಕೆಲಸಕ್ಕೆ ಚದರ ಮೀಟರಿನ ಲೆಕ್ಕದಲ್ಲಿ ಟೆಂಡರು ಕರೆದು, ಅತಿ ಕಡಿಮೆ ದರ ನಮೂದಿಸಿದವರಿಗೆ ಕೊಟ್ಟು, ಹಬ್ಬದ ಹಿಂದಿನ ವಾರ ಮುಗಿಸುವಂತೆ ಹೇಳಿದರೆ ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಸೋಸಿ, ಒಂದೊಂದು ಕೈ ಒಣಗುವವರೆಗೆ ಕಾಯುವ ವ್ಯವಧಾನ ಯಾರಿಗಿರುತ್ತದೆ? ಮಳೆಗಾಲದ ತೇವ ಆರದ ಗೋಡೆಗೆ ಬಣ್ಣ ಬಳಿಸುವುದೆಂದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದಂತೆ.

ಇದರೊಂದಿಗೆ ಕಸುಬಿನ ಪ್ರಶ್ನೆಯೂ ಇದೆ. ಸುಣ್ಣ ಸುಡುತ್ತಿದ್ದ ಸುಣಗಾರರು, ಗಾರೆ ಕೆಲಸದಲ್ಲಿ ಹೆಸರಾದ ಉಪ್ಪಾರರು ಮುಂತಾದವರ ಕೈಯಲ್ಲಿದ್ದ ಜ್ಞಾನ ಪುಸ್ತಕದಲ್ಲಿ ಪೂರ್ತಿ ಸಿಗುವಂಥದ್ದಲ್ಲ. ಗಾರೆಗೆ ಬೆಲ್ಲದ ನೀರು ಎಷ್ಟು, ಅಳಲೆಕಾಯಿಯ ರಸ ಎಷ್ಟು, ಇಟ್ಟಿಗೆಯ ಪುಡಿ ಯಾವ ನುಣುಪಿನದು ಎಂಬುದನ್ನು ಊರಿನ ನೀರು ಮತ್ತು ಹವೆ ನೋಡಿ ಮೇಸ್ತ್ರಿ ನಿರ್ಧರಿಸುತ್ತಿದ್ದ. ಸಿಮೆಂಟು ಬಂದ ಮೇಲೆ ಈ ಕಸುಬಿಗೆ ಕೂಲಿಯೂ ಇಲ್ಲ, ಮಾನವೂ ಇಲ್ಲ ಎಂಬಂತಾಗಿ ಅವರ ಮಕ್ಕಳು ಬೇರೆ ದಾರಿ ಹಿಡಿದರು. ಅದು ಅವರ ಹಕ್ಕು. ಸ್ಮಾರಕಗಳ ರಕ್ಷಣೆಗೆ ದುಡಿಯುತ್ತಿರುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಅಂಗೀಕರಿಸಿದ ಸನ್ನದು ಕಟ್ಟಡಗಳ ಜೊತೆಗೆ ಅವುಗಳನ್ನು ಕಟ್ಟುವ ಕಸುಬೂ ಜೀವಂತ ಪರಂಪರೆಯೇ ಎಂದು ಗುರುತಿಸಿದೆ. ಮಾತು ಸರಿಯಾದುದೇ. ಆದರೆ ಪರಂಪರೆ ಎಂದು ಹೊಗಳಿದ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ; ವರ್ಷವಿಡೀ ಕೆಲಸ ಸಿಕ್ಕಿದರೆ ಉಳಿಯುತ್ತದೆ. ನಡುನಗರದ ಕಟ್ಟಡಗಳಿಗೆ ವಾರ್ಷಿಕ ಸುಣ್ಣದ ವ್ಯವಸ್ಥೆ ಮಾಡಿದರೆ ಅದು ಕೆಲವು ಹತ್ತು ಕುಟುಂಬಗಳಿಗಾದರೂ ಖಾಯಂ ಅನ್ನದ ದಾರಿಯಾಗಬಲ್ಲದು.

ಈ ವಾದಕ್ಕೆ ಆಕ್ಷೇಪಣೆಗಳಿವೆ, ಅವು ಕಡೆಗಣಿಸುವಂಥವಲ್ಲ. ಸುಣ್ಣದ ಗೋಡೆಗೆ ಒರಗಿದರೆ ಬಟ್ಟೆಗೆ ಹತ್ತುತ್ತದೆ, ಮಳೆಗೆ ಗೆರೆ ಬೀಳುತ್ತದೆ, ಪದೇ ಪದೇ ಖರ್ಚು ಬರುತ್ತದೆ. ಸರಿ. ಒಳ್ಳೆಯ ಸುಣ್ಣವನ್ನು ತೆಳುವಾಗಿ ಹಲವು ಕೈ ಬಳಿದರೆ ಮೊದಲ ಎರಡು ದೂರುಗಳು ಬಹಳಷ್ಟು ಕಡಿಮೆಯಾಗುತ್ತವೆ, ಪೂರ್ತಿ ಇಲ್ಲವಾಗುವುದಿಲ್ಲ. ಈಗಾಗಲೇ ಸಿಮೆಂಟು ಗಿಲಾವು ಕಂಡ ಗೋಡೆಗಳ ಮೇಲೆ ಸುಣ್ಣ ಚೆನ್ನಾಗಿ ಹಿಡಿಯುವುದಿಲ್ಲ ಎಂಬುದೂ ನಿಜ. ಅಂಥಲ್ಲಿ ತೇವಕ್ಕೆ ಹಾದಿ ಬಿಡುವ ಸಿಲಿಕೇಟ್ ಬಣ್ಣಗಳನ್ನು ಬಳಸಬಹುದು. ನಡುನಗರದ ಕಾಂಕ್ರೀಟ್ ಕಟ್ಟಡಗಳಿಗೆ ಸುಣ್ಣವನ್ನು ಕಡ್ಡಾಯ ಮಾಡುವುದರಲ್ಲಿ ಅರ್ಥವಿಲ್ಲ. ಅವು ನೆರೆಯ ಹಳೆಯ ಕಟ್ಟಡವನ್ನು ಮೀರಿ ಅಬ್ಬರಿಸದಿದ್ದರೆ ಸಾಕು. ಎಲ್ಲ ಗೋಡೆಗೂ ಒಂದೇ ಮದ್ದು ಎಂಬುದು ಎಲ್ಲ ಬೀದಿಗೂ ಒಂದೇ ಬಣ್ಣ ಎಂಬುದರಷ್ಟೇ ತಪ್ಪು.

ಇನ್ನೂ ತೀಕ್ಷ್ಣವಾದ ಆಕ್ಷೇಪಣೆ ಮಾಲೀಕರದು. ನನ್ನ ಮನೆಗೆ ಯಾವ ಬಣ್ಣ ಬಳಿಯಬೇಕೆಂದು ಹೇಳಲು ನಗರಪಾಲಿಕೆ ಯಾರು ಎಂದು ಅವರು ಕೇಳುತ್ತಾರೆ. ಬಾಡಿಗೆ ಕೆಲವೇ ನೂರು ರೂಪಾಯಿ ಬರುವ, ಪಾಲುದಾರರ ವ್ಯಾಜ್ಯದಲ್ಲಿ ಸಿಲುಕಿದ ಹಳೆಯ ಕಟ್ಟಡದ ಒಡೆಯನಿಗೆ ಪರಂಪರೆ ಎಂಬುದು ಹೊರೆಯೇ. ಅವನಿಗೆ ನೋಟಿಸು ಕೊಟ್ಟು, ಎದುರಿನ ಸರ್ಕಾರಿ ಕಟ್ಟಡದ ಗೋಡೆಯಲ್ಲಿ ಆಲದ ಮರ ಬೆಳೆಯಲು ಬಿಟ್ಟರೆ ಅದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬಂತಾಗುತ್ತದೆ. ಬೀದಿಗೆ ಕಾಣುವ ಮುಖ ಊರಿನ ಸೊತ್ತು ಎಂದು ಒಪ್ಪುವುದಾದರೆ ಅದರ ಆರೈಕೆಯ ಖರ್ಚಿನಲ್ಲಿಯೂ ಊರಿಗೆ ಪಾಲಿರಬೇಕು. ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಸುಣ್ಣ ಮತ್ತು ಆಳಿನ ವೆಚ್ಚದಲ್ಲಿ ಒಂದಂಶ ಇವು ದೊಡ್ಡ ಮೊತ್ತಗಳಲ್ಲ. ಪುದುಚೇರಿಯಲ್ಲಿ ಈ ಶತಮಾನದ ಆರಂಭದಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ತಮಿಳರ ವೈಶ್ಯಾಳ್ ಬೀದಿಯ ಮನೆಗಳ ಮುಂಭಾಗಗಳನ್ನು ಸರಿಪಡಿಸಿದಾಗ ಮಾಲೀಕರನ್ನು ಜೊತೆಗೆ ಕರೆದುಕೊಂಡೇ ಕೆಲಸ ನಡೆಯಿತು. ಫ್ರೆಂಚ್ ಭಾಗದ ಹಳದಿಯ ಖ್ಯಾತಿಯ ನಡುವೆ ಈ ಬೀದಿಯ ಯಶಸ್ಸನ್ನು ನಾವು ಗಮನಿಸಿದ್ದು ಕಡಿಮೆ.

ಇನ್ನೊಂದು ಮಾತು. ನಮ್ಮ ಹಳೆಯ ಪೇಟೆಗಳಲ್ಲಿ ಬಣ್ಣ ಬಳಿಯಲು ಗೋಡೆಯಾದರೂ ಎಲ್ಲಿ ಕಾಣುತ್ತದೆ? ಕಮಾನು, ಕಂಬ, ಕಿಟಕಿಗಳನ್ನೆಲ್ಲ ನಾಮಫಲಕಗಳೂ ಅಲ್ಯೂಮಿನಿಯಂ ಹಲಗೆಗಳೂ ಮುಚ್ಚಿವೆ. 2024ರಲ್ಲಿ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದಾಗ ರಾಜ್ಯದಾದ್ಯಂತ ಫಲಕಗಳು ಬದಲಾದವು. ಅದು ಸ್ವಾಗತಾರ್ಹ. ಆದರೆ ಫಲಕದಲ್ಲಿ ಕನ್ನಡ ಎಷ್ಟಿರಬೇಕು ಎಂದು ಹೇಳಿದ ಹೊತ್ತಿನಲ್ಲಿಯೇ ಪಾರಂಪರಿಕ ಬೀದಿಗಳಲ್ಲಿ ಫಲಕ ಎಷ್ಟು ದೊಡ್ಡದಿರಬೇಕು, ಎಲ್ಲಿ ಕೂರಬೇಕು ಎಂದೂ ಹೇಳುವ ಅವಕಾಶ ಕೈತಪ್ಪಿತು. 1995ರಲ್ಲಿಯೇ ಪರಂಪರೆಯ ನಿಯಮಾವಳಿ ರೂಪಿಸಿಕೊಂಡ ಮುಂಬೈ, ಮುಂದೆ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಅಂಗಡಿಗಳವರ ಮನವೊಲಿಸಿ ಫಲಕಗಳನ್ನು ಕಮಾನುಗಳ ಅಳತೆಗೆ ಹೊಂದಿಸಿತು. ಗೋಡೆ ಕಂಡರೆ ಮಾತ್ರ ಬಣ್ಣದ ಮಾತು.

ಹಾಗಾದರೆ ಮಾಡಬೇಕಾದದ್ದೇನು? ಇಡೀ ನಗರಕ್ಕೆ ಬಣ್ಣದ ಆದೇಶ ಹೊರಡಿಸುವ ಬದಲು ಒಂದು ಬೀದಿಯನ್ನು ಆರಿಸಿಕೊಳ್ಳಲಿ. ಒಂದು ವರ್ಷ ಅದರ ಗೋಡೆಗಳ ಪದರಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ನಾಗರಿಕರ ಮುಂದಿಡಲಿ. ಎಮಲ್ಷನ್ ಪೊರೆಯನ್ನು ಗಾರೆಗೆ ಪೆಟ್ಟಾಗದಂತೆ ತೆಗೆದು, ತಾರಸಿ ಮತ್ತು ದೋಣಿಗಳನ್ನು ದುರಸ್ತಿ ಮಾಡಿ, ಗೋಡೆ ಆರಿದ ಮೇಲೆ ಬೇಸಗೆಯ ಬಿಸಿಲು ಬಲಿಯುವ ಮುನ್ನ ಸುಣ್ಣ ಬಳಿಯಲಿ. ದಸರೆಯ ಅವಸರಕ್ಕೆ ಅದನ್ನು ಕಟ್ಟಿಹಾಕದಿರಲಿ. ಗುತ್ತಿಗೆಯನ್ನು ಚದರ ಮೀಟರಿನ ಲೆಕ್ಕದಲ್ಲಿ ಒಂದು ಬಾರಿಗೆ ಕೊಡದೆ ಐದು ವರ್ಷಗಳ ಆರೈಕೆಗೆ ಕೊಡಲಿ. ಪ್ರತಿವರ್ಷ ಏಣಿ ಹತ್ತಿದವನು ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಆ ಗುತ್ತಿಗೆಯ ಷರತ್ತಾಗಿರಲಿ. ಮೈಸೂರಿನಲ್ಲಿಯೇ ಕೇಂದ್ರ ಕಚೇರಿ ಹೊಂದಿರುವ ರಾಜ್ಯದ ಪುರಾತತ್ವ ಇಲಾಖೆಗೆ ಇದರ ಉಸ್ತುವಾರಿ ಅಸಾಧ್ಯವೇನಲ್ಲ.

ಬೆಂಗಳೂರಿನ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಉಳಿಸಿಕೊಂಡರು. ಅದರ ಕೆಂಪು ಇಂದು ರಾಜ್ಯದ ಉಚ್ಚ ನ್ಯಾಯಾಲಯದ ಗುರುತಾಗಿ ನಿಂತಿದೆ. ಕಟ್ಟಡ ಉಳಿದುದರಿಂದ ಅದರ ಬಣ್ಣಕ್ಕೆ ಅರ್ಥ ಬಂದಿದೆಯೇ ಹೊರತು ಬಣ್ಣದಿಂದ ಕಟ್ಟಡ ಉಳಿಯಲಿಲ್ಲ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ನಮ್ಮ ಪಾಲಿಗೆ ಉಳಿಯುವುದು ಸುಂದರವಾಗಿ ಬಣ್ಣ ಬಳಿದ ಅವಶೇಷ. ಮುಂದಿನ ದಸರೆಗೆ ಯಾವ ಛಾಯೆ ಎಂದು ಚರ್ಚಿಸುವ ಮೊದಲು ಈ ಮಳೆಗಾಲದ ನಂತರ ಯಾರು ಏಣಿ ಹತ್ತುತ್ತಾರೆ ಎಂಬುದನ್ನು ನಾವು ತೀರ್ಮಾನಿಸಬೇಕಿದೆ.